ಲಂಡನ್‌ನಲ್ಲಿ ಎರಡು ಮ್ಯಾಚು, ಒಂದು ನಿಂತು ನಿಂತು, ಇನ್ನೊಂದು ಓಡಿ ಓಡಿ

2024ರ ಅಕ್ಟೋಬರ್‌ನಲ್ಲಿ ಲಂಡನ್‌ಗೆ ಅಕ್ಕನ ಮನೆಗೆ ಹೋಗಿದ್ದೆ. ಭಾವಂಗೆ ರಗ್ಬಿ ಹುಚ್ಚು, ಅಕ್ಕನ ಮಗಂಗೆ ಅಮೆರಿಕನ್ ಫುಟ್‌ಬಾಲ್ ಹುಚ್ಚು, ಒಬ್ರ ಆಟ ಕಂಡ್ರೆ ಇನ್ನೊಬ್ರಿಗೆ ಆಗಲ್ಲ, ಮಧ್ಯೆ ಸಿಕ್ಕಾಕೊಂಡಿದ್ದು ನಾನು. ಹಂಗಾಗಿ ಎರಡಕ್ಕೂ ಟಿಕೆಟ್ ಬುಕ್ ಆಯ್ತು.

ಮೊದ್ಲು ಅಕ್ಟೋಬರ್ 6ಕ್ಕೆ ಟಾಟನಮ್ ಸ್ಟೇಡಿಯಂ, ಅಮೆರಿಕನ್ ಫುಟ್‌ಬಾಲ್‌ನ ಜೆಟ್ಸ್-ವೈಕಿಂಗ್ಸ್ ಮ್ಯಾಚ್. ಇದು ನಮಗೆ ಗೊತ್ತಿರೋ ಮಾಮೂಲಿ ಫುಟ್‌ಬಾಲ್ ಕ್ಲಬ್ಬಿನ ಸ್ಟೇಡಿಯಂ, ಆದ್ರೆ ಹುಲ್ಲಿನ ಮೈದಾನ ಮೂರು ತುಂಡಾಗಿ ಸ್ಟ್ಯಾಂಡ್ ಅಡಿಗೆ ಸರ್ಕೊಂಡು ಹೋಗತ್ತೆ, ಕೆಳಗೆ ಅಮೆರಿಕದ ಆಟಕ್ಕೇ ಅಂತ ಬೇರೆ ಕೃತಕ ಹುಲ್ಲಿದೆ. ಆಡೋದು ಎರಡೇ ಟೀಮು, ಜನ ಹಾಕ್ಕೊಂಡು ಬಂದಿರೋ ಜೆರ್ಸಿ ನೋಡಿದ್ರೆ ಇಡೀ ಲೀಗೇ ಬಂದಂಗಿತ್ತು.

ಶುರುನಲ್ಲಿ ತಲೆಬುಡ ಅರ್ಥ ಆಗ್ಲಿಲ್ಲ. ನಾಲ್ಕೈದು ಸೆಕೆಂಡ್ ಗುದ್ದಾಟ, ಹೆಲ್ಮೆಟ್‌ಗೆ ಹೆಲ್ಮೆಟ್ ತಾಗೋ ಟಪ್ ಅನ್ನೋ ಸದ್ದು, ಆಮೇಲೆ ಎಲ್ರೂ ಎದ್ದು ಮತ್ತೆ ಸಾಲಾಗಿ ನಿಲ್ಲೋದು. ಗಡಿಯಾರದ ಲೆಕ್ಕ 60 ನಿಮಿಷ, ಮುಗಿಯೋಕೆ ಮೂರು ಗಂಟೆ. ಭಾವ ಆಡ್ಕೊಳ್ಳೋದು ಇದನ್ನೇ, ಆದ್ರೆ ನಂಗೆ ಹಿಡಿಸಿದ್ದೂ ಇದೇ. ಕ್ರಿಕೆಟ್ ನೋಡಿ ಬೆಳೆದ ಕಣ್ಣು ನಂದು, ಒಂದು ಬಾಲು, ಆಮೇಲೆ ಫೀಲ್ಡಿಂಗ್ ಬದಲಾವಣೆ, ಮತ್ತೊಂದು ಬಾಲು, ಅದೇ ಥರ ಇದೂ. ನಾಲ್ಕು ಡೌನ್‌ನಲ್ಲಿ, ಅಂದ್ರೆ ನಾಲ್ಕು ಪ್ರಯತ್ನದಲ್ಲಿ, ಹತ್ತು ಗಜ ಮುಂದೆ ಹೋಗ್ಬೇಕು, ಆಗ್ಲಿಲ್ವಾ, ಚೆಂಡು ಅವರಿಗೆ. ಇಷ್ಟು ತಿಳಿದ್ಮೇಲೆ "ಮಾಮ, ಥರ್ಡ್ ಡೌನ್, ಈಗ ಪಾಸೇ ನೋಡು" ಅಂತ ಅಕ್ಕನ ಮಗ ಹೇಳೋ ಮುಂಚೆ ನಾನೇ ಹೇಳ್ತಿದ್ದೆ. ಜೆಟ್ಸ್ ಪರ ಚೆಂಡು ಎಸೆಯೋ ಆರನ್ ರಾಡ್ಜರ್ಸ್ ಅವತ್ತು ಮೂರು ಸಲ ಎದುರಾಳಿ ಕೈಗೇ ಎಸೆದ, ಒಂದನ್ನ ವೈಕಿಂಗ್ಸ್‌ನ ವ್ಯಾನ್ ಗಿಂಕೆಲ್ ಹಿಡ್ಕೊಂಡು ಸೀದಾ ಟಚ್‌ಡೌನ್‌ಗೇ, ಅಂದ್ರೆ ಅಂಕ ಸಿಗೋ ಕೊನೆ ಗೆರೆ ದಾಟೋಕೇ ಓಡ್ಬಿಟ್ಟ. ವೈಕಿಂಗ್ಸ್‌ಗೆ 23-17.

ನವೆಂಬರ್ 9ಕ್ಕೆ ವಾಟರ್‌ಲೂನಿಂದ ಟ್ರೈನ್ ಹತ್ತಿ ಟ್ವಿಕನಮ್ ಸ್ಟೇಡಿಯಂ, ಇಂಗ್ಲೆಂಡ್-ಆಸ್ಟ್ರೇಲಿಯಾ ರಗ್ಬಿ ಮ್ಯಾಚ್. ಈಗ ಅಲಿಯಾನ್ಸ್ ಸ್ಟೇಡಿಯಂ ಅಂತ ಹೆಸರು ಬದಲಾಗಿದೆ, ಭಾವ ಒಪ್ಪಲ್ಲ. ಒಂದು ಕಾಲಕ್ಕೆ ತರಕಾರಿ ತೋಟ ಇದ್ದ ಜಾಗವಂತೆ, ಸ್ಟೇಷನ್ ಹತ್ರ ಕ್ಯಾಬೇಜ್ ಪ್ಯಾಚ್ ಅಂತ ಪಬ್ಬೇ ಇದೆ. ಒಳಗೆ 82,000 ಜನ ಹಿಡಿಯತ್ತೆ.

ಇಲ್ಲಿ ಹೆಲ್ಮೆಟ್ಟೂ ಇಲ್ಲ, ಪ್ಯಾಡೂ ಇಲ್ಲ. ಚೆಂಡನ್ನ ಕೈಯಲ್ಲಿ ಮುಂದಕ್ಕೆ ಎಸೆಯೋ ಹಾಗಿಲ್ಲ, ಚೆಂಡಿಲ್ಲದವನನ್ನ ಅಡ್ಡಗಟ್ಟೋ ಹಾಗೂ ಇಲ್ಲ. ಟಾಟನಮ್‌ನಲ್ಲಿ ಆ ದಢೂತಿ ಲೈನ್‌ಮನ್‌ಗಳ ಕೆಲಸಾನೇ ಅಡ್ಡಗಟ್ಟೋದು, ಅವರಲ್ಲಿ ಬಹಳ ಜನ ಮ್ಯಾಚ್ ಪೂರ್ತಿ ಚೆಂಡು ಹಿಡ್ಕೊಂಡು ಓಡೋದೇ ಇಲ್ಲ. ಇಲ್ಲಿ 15 ಜನಾನೂ ಓಡ್ಬೇಕು, ಹಿಡೀಬೇಕು, ಕೆಡವಬೇಕು. ಬಿದ್ದವನ ಮೇಲೆ ಇನ್ನೂ ನಾಲ್ಕು ಜನ ಬಿದ್ದಿರ್ತಾರೆ, ಅಷ್ಟರಲ್ಲಿ ಚೆಂಡು ಹೊರಗೆ ಬಂದು ಇನ್ನೊಬ್ಬನ ಕೈ ಸೇರಿ ಆಚೆ ತುದೀಲಿರತ್ತೆ. ಯೋಚನೆ ಮಾಡೋಕೆ ಟೈಮೇ ಕೊಡಲ್ಲ, ನೋಡೋರಿಗೂ.

79ನೇ ನಿಮಿಷದ ಹೊತ್ತಿಗೆ ಇಟೋಜೆ ಟ್ರೈ (ಚೆಂಡನ್ನ ಎದುರಾಳಿ ಗೆರೆಯಾಚೆ ನೆಲಕ್ಕೆ ಒತ್ತಿ ಅಂಕ ಗಳಿಸೋದು) ಹೊಡೆದು ಇಂಗ್ಲೆಂಡ್ 37-35, ಭಾವ ನಿಂತ್ಕೊಂಡು ಕೂಗ್ತಿದಾರೆ. 80 ನಿಮಿಷ ಆಯ್ತು, ಆದ್ರೆ ರಗ್ಬಿಲಿ ಚೆಂಡು ಆಟದಲ್ಲಿರೋ ತನಕ ಮ್ಯಾಚ್ ಮುಗಿಯಲ್ಲ, ಆ ಹೆಚ್ಚುವರಿ ಹೊತ್ತಲ್ಲಿ ಜಾರ್ಗೆನ್ಸನ್ ಮೂಲೆಗೆ ಓಡಿ ಟ್ರೈ ಹೊಡೆದ. ಆಸ್ಟ್ರೇಲಿಯಾ 42-37. ಭಾವ ಕೂತ್ಕೊಂಡ್ಬಿಟ್ರು.

ಟ್ರೈನಲ್ಲಿ ಅಕ್ಕನ ಮಗ ಸುಮ್ನಿರ್ತಾನಾ, ಅದೇ ವರ್ಷ ರಗ್ಬಿ ಬಿಟ್ಟು ಅಮೆರಿಕನ್ ಫುಟ್‌ಬಾಲ್ ಸೇರಿದ್ದ ವೇಲ್ಸ್‌ನ ರೀಸ್-ಜಾಮಿಟ್ ಹೆಸರು ಎತ್ತಿ "ನೋಡಿ ಅಪ್ಪ, ನಿಮ್ಮೋರೇ ಓಡ್ಬರ್ತಿದಾರೆ" ಅಂತ ರೇಗಿಸ್ದ. 2025ರಲ್ಲಿ ಆ ಹುಡುಗ ವಾಪಸ್ ರಗ್ಬಿಗೇ ಬಂದ. ಅವತ್ತು ಭಾವ ಫ್ಯಾಮಿಲಿ ಗ್ರೂಪಲ್ಲಿ ಅದೇ ನ್ಯೂಸನ್ನ ಮೂರು ಸಲ ಹಾಕಿದ್ರು.