ಅಪ್ಪನ ಕ್ಯಾಸೆಟ್‌ಗಳು: 41ರಲ್ಲಿ 23 ಮುಗಿದವು

ಯುಗಾದಿ ಕಳೆದ ಮೇಲೆ ಕೈಗೆತ್ತಿಕೊಂಡ ಕೆಲಸವು ಈ ಆಷಾಢದ ಹೊತ್ತಿಗೆ ಅರ್ಧ ದಾಟಿದೆ. ತೀರ್ಥಹಳ್ಳಿ ಸಮೀಪದ ನಮ್ಮ ಮನೆಯಲ್ಲಿ ಅಪ್ಪ ಉಳಿಸಿಹೋದ 41 ಕ್ಯಾಸೆಟ್‌ಗಳ ಪೈಕಿ 23 ಕಂಪ್ಯೂಟರ್‌ಗೆ ಇಳಿದಿವೆ, 3 ಕೈಬಿಟ್ಟು ಹೋಗಿವೆ, 15 ಬಾಕಿ ಇವೆ. ಕಳೆದ ಬಾರಿ ಬರೆದಾಗ ಹತ್ತನ್ನೂ ಮುಟ್ಟಿರಲಿಲ್ಲವಾದ್ದರಿಂದ ಈ ಸಲ ಹೇಳುವುದು ಹೆಚ್ಚಿದೆ.

ಮೊದಲಿಗೆ ಬೂಸಲಿನ ವಿಷಯ. ಜಗಲಿಯ ಗಾಜಿನ ಕಪಾಟಿನಲ್ಲಿ ಜೋಪಾನವಾಗಿ ಜೋಡಿಸಿಟ್ಟಿದ್ದ 27 ಕ್ಯಾಸೆಟ್‌ಗಳಲ್ಲಿ ಬಹುಪಾಲಿಗೆ ಬೂಸಲು ಹಿಡಿದಿತ್ತು. ಜಾಗ ಸಾಲದೆ ಅಡುಗೆಮನೆಯ ಅಟ್ಟದ ಮೂಲೆಗೆ ಸೇರಿದ್ದ 14 ಕ್ಯಾಸೆಟ್‌ಗಳು ಹೊಗೆಯ ಮಸಿ ಮೆತ್ತಿಕೊಂಡಿದ್ದರೂ ಒಳಗೆ ಒಂದು ಚುಕ್ಕೆಯೂ ಇಲ್ಲದೆ ಉಳಿದಿದ್ದವು. ನಾಲ್ಕು ತಿಂಗಳು ಬಿಡದೆ ಮಳೆ ಹೊಡೆಯುವ ನಮ್ಮ ಸೀಮೆಯಲ್ಲಿ ಗಾಳಿಯಾಡದ ಕಪಾಟಿಗಿಂತ ಒಲೆಯ ಬೆಚ್ಚಗಿನ ಅಟ್ಟವೇ ಲೇಸು ಎಂದು ಉಪ್ಪಿನಕಾಯಿ, ಬಿತ್ತನೆ ಬೀಜಗಳ ಮಟ್ಟಿಗೆ ಎಲ್ಲರಿಗೂ ತಿಳಿದಿದೆ. ಹಾಡಿಗೂ ಅದು ಸಲ್ಲುತ್ತದೆ ಎಂದು ನಮಗೆ ಹೊಳೆದಿರಲಿಲ್ಲ. ಕೈಬಿಟ್ಟುಹೋದ ಮೂರೂ ಕಪಾಟಿನವೇ. ಅವುಗಳ ಟೇಪಿನ ಸುರುಳಿಗಳು ಪದರಕ್ಕೆ ಪದರ ಅಂಟಿಕೊಂಡಿದ್ದು, ಬಿಡಿಸಲು ಹೋದಾಗ ಕಂದು ಲೇಪವೇ ಕಳಚಿ ಬಂದಿತು.

ಮಿಕ್ಕವನ್ನು ಉಳಿಸಿಕೊಂಡ ಬಗೆ ಹೀಗೆ. ಕವಚದ ಐದು ಸ್ಕ್ರೂಗಳನ್ನು ಬಿಚ್ಚಿ, ಮೂಗಿಗೆ ಬಟ್ಟೆ ಕಟ್ಟಿಕೊಂಡು, ಸುರುಳಿಯ ಅಂಚಿನಲ್ಲಿ ಬಿಳಿ ಹಿಟ್ಟಿನಂತೆ ಕುಳಿತ ಬೂಸಲನ್ನು ಮೆದುವಾದ ಕುಂಚದಿಂದ ಹೊರಗಡೆಗೆ ಝಾಡಿಸಬೇಕು. ಬಳಿಕ ಒಣ ಹತ್ತಿಬಟ್ಟೆಯ ಮಡಿಕೆಯ ನಡುವೆ ಟೇಪನ್ನು ಹಾಯಿಸುತ್ತ ಕೈಯಿಂದಲೇ ನಿಧಾನವಾಗಿ ಸುತ್ತಬೇಕು. ಟೇಪಿನ ಅಗಲ 3.81 ಮಿಲಿಮೀಟರು, ಅರವತ್ತು ನಿಮಿಷದ ಕ್ಯಾಸೆಟ್ಟಿನಲ್ಲಿ ಅದರ ಉದ್ದ ಸುಮಾರು 90 ಮೀಟರು. ತೊಂಬತ್ತು ನಿಮಿಷದ ಟೇಪು ಇನ್ನೂ ತೆಳುವಾಗಿದ್ದು ಬೇಗ ಮಡಿಚಿಕೊಳ್ಳುವುದರಿಂದ ಅಂಥವನ್ನು ರಾತ್ರಿಯ ಹೊತ್ತು ಮುಟ್ಟುವುದನ್ನೇ ಬಿಟ್ಟಿದ್ದೇನೆ. ಟೇಪನ್ನು ಪ್ಲೇಯರಿನ ಹೆಡ್ಡಿಗೆ (ಟೇಪಿನಿಂದ ದನಿ ಎತ್ತಿಕೊಳ್ಳುವ ಭಾಗಕ್ಕೆ) ಒತ್ತಿ ಹಿಡಿಯುವ ಉಗುರಿಗಿಂತ ಚಿಕ್ಕದಾದ ಉಣ್ಣೆಯ ತುಂಡು ಹೆಚ್ಚಿನವುಗಳಲ್ಲಿ ಗೋಂದು ಒಣಗಿ ಉದುರಿಹೋಗಿತ್ತು, ಮತ್ತು ಅದಿಲ್ಲದಿದ್ದರೆ ಗಾಯಕರು ಪಕ್ಕದ ಕೋಣೆಯಿಂದ ಹಾಡಿದಂತೆ ಕೇಳುತ್ತದೆ. ಖಾಲಿ ಕ್ಯಾಸೆಟ್‌ಗಳಿಂದ ಆ ತುಂಡನ್ನು ಅದರ ತಗಡಿನ ಪಟ್ಟಿಯ ಸಮೇತ ತೆಗೆದು ಇವಕ್ಕೆ ಕೂರಿಸಿದೆ. ಹೆಡ್ಡನ್ನು ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ಒರೆಸಿ, ಅದರ ಪಕ್ಕದ ಸಣ್ಣ ಸ್ಕ್ರೂವನ್ನು ಒಂದೊಂದು ಟೇಪಿಗೂ ಕೂದಲೆಳೆಯಷ್ಟು ತಿರುಗಿಸಿ, ‘ಸ’ಕಾರ ‘ಶ’ಕಾರಗಳು ಬಿಡಿಬಿಡಿಯಾಗಿ ಕೇಳುವಲ್ಲಿ ನಿಲ್ಲಿಸುತ್ತೇನೆ. 24 ಬಿಟ್, 48 ಕಿಲೋಹರ್ಟ್ಸ್‌ನಲ್ಲಿ ಇಳಿಸಿದರೆ ಗಂಟೆಗೆ ಒಂದು ಗಿಗಾಬೈಟಿನಷ್ಟು ಜಾಗ ಬೇಕು. ಈ ಕಾಲದಲ್ಲಿ ಅದೊಂದು ಕಷ್ಟವಲ್ಲ.

ಅಂಗಡಿಯಿಂದ ಕೊಂಡವುಗಳಲ್ಲಿ ಮೊದಲು ಇಳಿಸಿದ್ದು ‘ನಿತ್ಯೋತ್ಸವ’. 1978ರಲ್ಲಿ ಬಂದ ಇದನ್ನು ಕನ್ನಡ ಭಾವಗೀತೆಗಳ ಮೊದಲ ಕ್ಯಾಸೆಟ್ಟೆಂದು ಗುರುತಿಸುತ್ತಾರೆ; ಕವಿತೆಗಳು ಕೆ. ಎಸ್. ನಿಸಾರ್ ಅಹಮದ್ ಅವರವು, ರಾಗ ಸಂಯೋಜನೆ ಮೈಸೂರು ಅನಂತಸ್ವಾಮಿಯವರದು. ನಿಸಾರ್ ಅವರು ಶಿವಮೊಗ್ಗದ ಸಹ್ಯಾದ್ರಿ ಕಾಲೇಜಿನಲ್ಲಿ ಭೂವಿಜ್ಞಾನ ಬೋಧಿಸುತ್ತಿದ್ದಾಗ ಅಪ್ಪ ಅಲ್ಲಿಯ ವಿದ್ಯಾರ್ಥಿ. ಕಲಾ ವಿಭಾಗದವರಾದ್ದರಿಂದ ಅವರ ತರಗತಿಯಲ್ಲಿ ಕೂರುವ ಭಾಗ್ಯ ಸಿಗಲಿಲ್ಲ ಎಂಬ ಕೊರಗು ಅಪ್ಪನಿಗೆ ಕೊನೆಯವರೆಗೂ ಇತ್ತು. ಜೋಗವನ್ನೂ ತುಂಗೆಯನ್ನೂ ನೆನೆಯುವ ಆ ಹಾಡು ಬಂದರೆ ಕೊಟ್ಟೆಕಡುಬು ತಿನ್ನುತ್ತಿದ್ದ ಕೈ ತಟ್ಟೆಯ ಮೇಲೆಯೇ ನಿಲ್ಲುತ್ತಿತ್ತು. ಈ ಕ್ಯಾಸೆಟ್ಟು ಎಷ್ಟು ಓಡಿತ್ತೆಂದರೆ ಮೊದಲ ಬದಿಯ ಮೇಲುಸ್ವರಗಳೆಲ್ಲ ಸವೆದಿದ್ದವು, ಎರಡನೆಯ ಬದಿ ಮಾತ್ರ ಹೊಸದರಂತೆ ಇತ್ತು. ಶಿವಮೊಗ್ಗ ಸುಬ್ಬಣ್ಣನವರ ಹಾಡುಗಳಿರುವ ಎರಡು ಕ್ಯಾಸೆಟ್ಟುಗಳೂ ಚೆನ್ನಾಗಿ ಬಂದಿವೆ. ‘ಕಾಡು ಕುದುರೆ’ಯ ಹಾಡಿಗೆ ಅವರಿಗೆ ರಾಷ್ಟ್ರಪ್ರಶಸ್ತಿ ಬಂದದ್ದನ್ನು ಅಪ್ಪ ಮನೆಯವರಿಗೇ ಬಂದಿತೆಂಬಂತೆ ಹೇಳುತ್ತಿದ್ದರು, ಹಿನ್ನೆಲೆ ಗಾಯನಕ್ಕೆ ಆ ಪ್ರಶಸ್ತಿ ಪಡೆದ ಮೊದಲ ಕನ್ನಡಿಗ ನಮ್ಮ ಜಿಲ್ಲೆಯವರೆಂದರೆ ಯಾರಿಗೆ ಹೆಮ್ಮೆಯಿಲ್ಲ? ಸಿ. ಅಶ್ವತ್ಥರ ಶರೀಫರ ಗೀತೆಗಳೂ ಮುಗಿದವು. ಕಾಳಿಂಗ ನಾವಡರ ಯಕ್ಷಗಾನ ಭಾಗವತಿಕೆಯ ಒಂದು ಕ್ಯಾಸೆಟ್ಟು ಇನ್ನೂ ಬಾಕಿ ಇದೆ.

ಈ ತಿಂಗಳು ನನ್ನನ್ನು ಹೆಚ್ಚು ಹಿಡಿದಿಟ್ಟದ್ದು ಅಪ್ಪನೇ ಭದ್ರಾವತಿ ಆಕಾಶವಾಣಿಯಿಂದ ತುಂಬಿಸಿಕೊಂಡ ಭಾವಗೀತೆಗಳ ಟೇಪುಗಳು. 1965ರಿಂದ ಮಲೆನಾಡಿನ ಮನೆಮನೆಯ ಬೆಳಗನ್ನು ತೆರೆದ ನಿಲಯವದು. ಮಳೆಗಾಲದಲ್ಲಿ ನಮ್ಮಲ್ಲಿ ದಿನಗಟ್ಟಲೆ ಕರೆಂಟು ಇರುತ್ತಿರಲಿಲ್ಲ, ರೇಡಿಯೋ, ಟೇಪ್ ರೆಕಾರ್ಡರ್ ಎರಡೂ ಒಂದೇ ಆಗಿದ್ದ ಟೂ-ಇನ್-ಒನ್ ಸೆಲ್ಲಿನ ಮೇಲೆಯೇ ಓಡುತ್ತಿತ್ತು. ಇವುಗಳಲ್ಲಿ ಒಂದು ಟೇಪನ್ನು ಇಳಿಸುವಾಗ ವಿಚಿತ್ರವೊಂದು ಗಮನಕ್ಕೆ ಬಂದಿತು: ಮೊದಲ ಹಾಡು ಸರಿಯಾದ ಶ್ರುತಿಯಲ್ಲಿತ್ತು, ಮೂರನೆಯದು ತುಸು ಮೇಲಿತ್ತು, ಕೊನೆಯದು ಹಾರ್ಮೋನಿಯಂನಲ್ಲಿ ಪೂರ್ತಿ ಒಂದು ಮನೆ, ಅಂದರೆ ಪಕ್ಕದ ಕೀಲಿಯಷ್ಟು, ಮೇಲಕ್ಕೆ ಹೋಗಿತ್ತು. ನನ್ನ ಡೆಕ್ಕಿನದೇ ದೋಷವೆಂದು ಅದರ ಬೆಲ್ಟನ್ನು ಬದಲಿಸಿದೆ, ಫಲವಾಗಲಿಲ್ಲ. ಎರಡು ದಿನ ತಲೆ ಕೆಡಿಸಿಕೊಂಡ ಮೇಲೆ ಕ್ಯಾಸೆಟ್ಟಿನ ಚೀಟಿಯ ಹಿಂಬದಿಯಲ್ಲಿ ಅಪ್ಪನ ಪೆನ್ಸಿಲ್ ಅಕ್ಷರ ಕಂಡಿತು: ‘ಸೆಲ್ ವೀಕು.’

ಕಾರಣ ಅಷ್ಟರಲ್ಲೇ ಇತ್ತು. ಟೇಪು ಸೆಕೆಂಡಿಗೆ 4.76 ಸೆಂಟಿಮೀಟರಿನಂತೆ ಓಡಬೇಕು. ಸೆಲ್ಲು ಸೋಲುತ್ತ ಬಂದಂತೆ ಮೋಟಾರು ನಿಧಾನವಾಗಿ, ಹಾಡು ಕಡಿಮೆ ಉದ್ದದ ಟೇಪಿನಲ್ಲಿ ಒತ್ತೊತ್ತಾಗಿ ದಾಖಲಾಗುತ್ತದೆ. ಮುಂದೆ ಸರಿಯಾದ ವೇಗದಲ್ಲಿ ಓಡಿಸಿದಾಗ ಅದೇ ಹಾಡು ಅವಸರವಾಗಿ, ಎತ್ತರದ ಶ್ರುತಿಯಲ್ಲಿ ಹೊರಬರುತ್ತದೆ. ಶೇಕಡಾ 6ರಷ್ಟು ವ್ಯತ್ಯಾಸವಾದರೆ ಶ್ರುತಿ ಒಂದು ಮನೆ ಏರುತ್ತದೆ, ಐದು ನಿಮಿಷದ ಹಾಡು ಹದಿನೇಳು ಸೆಕೆಂಡು ಮೊದಲೇ ಮುಗಿಯುತ್ತದೆ. ಸೆಲ್ಲು ಒಂದೇ ಸಮನೆ ಸೋಲುವುದಿಲ್ಲವಾದ್ದರಿಂದ ಇಡೀ ಬದಿಗೆ ಒಂದೇ ಲೆಕ್ಕ ಹಿಡಿಯುವಂತಿಲ್ಲ. ಹಾಡು ಹಾಡನ್ನೂ ಬೇರ್ಪಡಿಸಿ, ಮಾರುಕಟ್ಟೆಯ ಪ್ರತಿ ಸಿಕ್ಕಿದ್ದಕ್ಕೆ ಅದರೊಡನೆ ತಾಳೆ ನೋಡಿ, ಆಡಾಸಿಟಿ ಎಂಬ ಧ್ವನಿ ತಿದ್ದುವ ತಂತ್ರಾಂಶದಲ್ಲಿ ವೇಗ ತಗ್ಗಿಸಿ ಸರಿಪಡಿಸಿದೆ.

ಸರಿಪಡಿಸಿದ್ದನ್ನು ಅಮ್ಮನಿಗೆ ಕೇಳಿಸಿದೆ. ಸುಬ್ಬಣ್ಣನವರ ದನಿ ತುಂಬಿಕೊಂಡು, ಬಿಡುವಾಗಿ, ಅವರು ಹಾಡಿದ ಹಾಗೆಯೇ ಬರುತ್ತಿತ್ತು. ಅಡಿಕೆ ಕತ್ತರಿಸುತ್ತಿದ್ದ ಅಮ್ಮ ಒಂದು ಚರಣ ಕೇಳಿ ಅಡಕತ್ತರಿಯನ್ನು ಮಡಿಲಲ್ಲಿಟ್ಟುಕೊಂಡು, “ಇದು ನಮ್ಮನೆ ಹಾಡಲ್ಲ ಕಣೋ, ಅವರಿಗೆ ನಿದ್ದೆ ಬಂದ ಹಾಗಿದೆ” ಎಂದರು. ನಂತರ ತಾವೇ ಆ ಚರಣವನ್ನು ಹಾಡಿ ತೋರಿಸಿದರು. ಹಾರ್ಮೋನಿಯಂ ಪಕ್ಕದಲ್ಲೇ ಇದ್ದುದರಿಂದ ಒತ್ತಿ ನೋಡಿದೆ: ಸೋತ ಸೆಲ್ಲಿನ ಟೇಪಿನ ಶ್ರುತಿಗೆ ಕೂದಲೆಳೆಯ ಅಂತರವೂ ಇರಲಿಲ್ಲ. ಆ ಟೂ-ಇನ್-ಒನ್ ಮೂಲೆ ಸೇರಿ ಇಪ್ಪತ್ತು ವರ್ಷಗಳ ಮೇಲಾಗಿದೆ. ಅಮ್ಮ ಸಂಗೀತ ಕಲಿತವರಲ್ಲ. ದೋಸೆ ಹುಯ್ಯುತ್ತ, ಹಟ್ಟಿಗೆ ಹೋಗಿಬರುತ್ತ ಆ ಟೇಪಿನ ಜೊತೆ ದನಿಗೂಡಿಸಿ ಕಲಿತದ್ದು ಅಷ್ಟೆ. ನಾನು ತಪ್ಪೆಂದು ಅಳೆದು ತೆಗೆದ ಆ ಒಂದು ಮನೆಯ ಏರಿಕೆಯಲ್ಲಿಯೇ ಅವರ ಹಾಡು ನೆಲೆಯೂರಿತ್ತು.

ಅಂದಿನಿಂದ ಕೆಲಸದ ಕ್ರಮವನ್ನು ಬದಲಿಸಿಕೊಂಡಿದ್ದೇನೆ. ಇಳಿಸಿದ ಪ್ರತಿಯನ್ನು ಏನೂ ತಿದ್ದದೆ ‘ಮನೆಯ ಶ್ರುತಿ’ ಎಂಬ ಹೆಸರಿನಲ್ಲಿ ಮೊದಲು ಕಾದಿಡುತ್ತೇನೆ. ತಿದ್ದಿದ್ದು ಅದರ ಪಕ್ಕದಲ್ಲಿ ಎರಡನೆಯ ಪ್ರತಿಯಾಗಿ ಇರುತ್ತದೆ. ಈ ಮೊದಲು ಮೂಲ ಪ್ರತಿಯನ್ನು ಅಳಿಸಿಬಿಟ್ಟಿದ್ದ ಆರು ಟೇಪುಗಳನ್ನು ಮತ್ತೆ ಇಳಿಸಬೇಕಾಯಿತು, ಅವುಗಳಲ್ಲಿ ನಾಲ್ಕು ಆಗಿವೆ. ಅಮ್ಮನ ಮೊಬೈಲಿಗೆ ಹಾಕಿಕೊಟ್ಟಿರುವುದು ಮನೆಯ ಶ್ರುತಿಯನ್ನೇ.

ಬಾಕಿ ಇರುವ ಹದಿನೈದರ ಚೀಟಿಗಳನ್ನು ನಿನ್ನೆ ಒಂದೊಂದಾಗಿ ತಿರುಗಿಸಿ ನೋಡಿದೆ. ನಾಲ್ಕರ ಹಿಂಬದಿಯಲ್ಲಿ ‘ಸೆಲ್ ವೀಕು’ ಎಂದಿದೆ, ಒಂದರಲ್ಲಿ ‘ಸೆಲ್ ಹೊಸದು, ಕೊನೆಗೆ ಗುಡುಗು’ ಎಂದಿದೆ. ನಾಳೆ ಕರೆಂಟು ಇದ್ದರೆ ಆ ಗುಡುಗಿನದನ್ನು ಮೊದಲು ಹಾಕುತ್ತೇನೆ.