ಚಪ್ಪಟೆ ಲೂನೆಬರ್ಗ್ ಲೆನ್ಸ್: ಬೀಮ್ ತಿರುಗೋಕೆ ಶುರುವಾಯ್ತು

ರೇಡಿಯೋ ತರಂಗಗಳನ್ನು ಒಂದೇ ದಿಕ್ಕಿನ ಕಿರಣವಾಗಿ (ಬೀಮ್) ಕಳಿಸುವ ನನ್ನ ಲೆನ್ಸ್ ಅಂತೂ ಎರಡು ಅಲ್ಯೂಮಿನಿಯಂ ತಗಡುಗಳ ನಡುವೆ ಕೂತಿದೆ. 200 ಮಿ.ಮೀ. ವ್ಯಾಸ, 8 ಮಿ.ಮೀ. ದಪ್ಪದ ಪಿಎಲ್‌ಎ (3ಡಿ ಪ್ರಿಂಟರ್ ಪ್ಲಾಸ್ಟಿಕ್) ಬಿಲ್ಲೆ. ಫ್ರೀಕ್ವೆನ್ಸಿ 10.525 ಗಿಗಾಹರ್ಟ್ಸ್. ಅಗ್ಗದ ಎಚ್‌ಬಿ100 ರೇಡಾರ್ ಮಾಡ್ಯೂಲ್ ಅಲ್ಲೇ ಓಡುತ್ತದೆ, ಅದಕ್ಕೇ.

ಹೊಸಬರಿಗೆ ಎರಡು ಮಾತು. ರುಡಾಲ್ಫ್ ಲೂನೆಬರ್ಗ್ 1944ರಲ್ಲಿ ಕೊಟ್ಟ ಸೂತ್ರ ಇದು. ಪರ್ಮಿಟಿವಿಟಿ (ಇದು ಹೆಚ್ಚಿದಷ್ಟೂ ತರಂಗ ನಿಧಾನ) ನಡುವೆ 2, ಅಂಚಿಗೆ ಬರುತ್ತಾ ಗಾಳಿಯಷ್ಟೇ, ಅಂದರೆ 1. ಅಂಚಿನಲ್ಲಿ ಎಲ್ಲಿ ಫೀಡ್ (ತರಂಗ ಒಳಬಿಡುವ ಪುಟ್ಟ ಆಂಟೆನಾ) ಇಟ್ಟರೂ ಎದುರು ಬದಿಯಿಂದ ಬೀಮ್ ನೇರವಾಗಿ ಹೊರಡುತ್ತದೆ. ಬೀಮ್ ತಿರುಗಿಸೋಕೆ ಫೇಸ್ಡ್ ಅರೇ (ಹಲವು ಆಂಟೆನಾಗಳ ಸಾಲು) ಮಾಡಿದರೆ, ಪ್ರತಿಯೊಂದರ ತರಂಗವನ್ನು ಹಿಂದೆಮುಂದೆ ಮಾಡುವ ಫೇಸ್ ಶಿಫ್ಟರ್‌ಗಳು ಸಾಲು ಸಾಲು ಬೇಕು. ಇಲ್ಲಿ ಫೀಡ್ ಬದಲಿಸಿದರೆ ಮುಗೀತು. ನನ್ನ ಜೇಬಿಗೆ ಇದೇ ಸರಿ.

ಗಟ್ಟಿ ಪಿಎಲ್‌ಎ ಪರ್ಮಿಟಿವಿಟಿ ಸುಮಾರು 2.7. ಅದಕ್ಕೆ ಗಾಳಿ ಬೆರೆಸಿ ಇಳಿಸಬೇಕು. ಒಳಗೆಲ್ಲ ನೆಟ್ಟಗೆ ನಿಂತ ತೆಳು ಗೋಡೆಗಳು. ತರಂಗದ ವಿದ್ಯುತ್ ಫೀಲ್ಡ್ ಕೂಡ ತಗಡಿನಿಂದ ತಗಡಿಗೆ ನೆಟ್ಟಗೇ ಹೋಗುವುದರಿಂದ ಲೆಕ್ಕ ಸಲೀಸು: ನಡುವೆ 59% ಪ್ಲಾಸ್ಟಿಕ್, ಅರ್ಧ ದಾರಿಯಲ್ಲಿ 44%, ಅಂಚಿನ ಹತ್ತಿರ 11%. ದಪ್ಪ 8 ಮಿ.ಮೀ. ಯಾಕೆ? ನಡುವೆ ತರಂಗಾಂತರ 20 ಮಿ.ಮೀ.ಗೆ ಕುಗ್ಗುತ್ತದೆ. ತಗಡುಗಳ ಅಂತರ ಅದರ ಅರ್ಧ ದಾಟಿದರೆ ಬೇಡದ ಮೋಡ್ (ತರಂಗ ಸಾಗುವ ಇನ್ನೊಂದು ಬಗೆ) ಒಳಗೆ ನುಗ್ಗುತ್ತದೆ.

ಈ ವಾರ ತಲೆ ತಿಂದದ್ದು ಗಾಳಿ ಸಂದು. ಪ್ರಿಂಟ್ ತಣ್ಣಗಾಗುವಾಗ ಅಂಚು ಸ್ವಲ್ಪ ಮೇಲೆದ್ದಿತ್ತು. ಹಾಗಾಗಿ ಮೇಲಿನ ತಗಡು ನಡುಭಾಗಕ್ಕೆ ತಾಗುತ್ತಲೇ ಇರಲಿಲ್ಲ. ಅರ್ಧ ಮಿ.ಮೀ. ತಾನೇ ಅನ್ನಿಸುತ್ತೆ, ಅಲ್ವಾ? ಅಷ್ಟಕ್ಕೇ 2 ಇರಬೇಕಾದದ್ದು 1.88 ಆಗುತ್ತದೆ. ಗಾಜಿನ ಮೇಲೆ ಸ್ಯಾಂಡ್ ಪೇಪರ್ ಅಂಟಿಸಿ, ಬಿಲ್ಲೆಯನ್ನು ಸುತ್ತು ಹಾಕಿಸುತ್ತಾ ಉಜ್ಜಿದೆ. ಕೈ ತುಂಬಾ ಬಿಳಿ ಪುಡಿ. ಈಗ ಸಂದು ಅಳೆಯುವ ಫೀಲರ್ ಗೇಜ್‌ನ ತೆಳು ಎಲೆಯೂ ಸಂದಿನಲ್ಲಿ ತೂರುವುದಿಲ್ಲ.

ಅಳತೆಗೆ ತಾರಸಿಗೆ ಹೋದೆ. ಮನೆಯೊಳಗೆ ಕಬ್ಬಿಣದ ಬೀರು, ಕಿಟಕಿ ಸರಳು ಎಲ್ಲವೂ ಕನ್ನಡಿಯೇ. ಸರಿಯಾದ ಅಳತೆಗೆ ಸುಮಾರು 3 ಮೀಟರ್ ದೂರವೂ ಬೇಕು. ಎಚ್‌ಬಿ100 ಸ್ಟೂಲ್ ಮೇಲೆ, ಲೆನ್ಸ್ ಈ ಕಡೆ, ಫೀಡ್‌ಗೆ ಸಿಗ್ನಲ್ ಬಲ ತೋರಿಸುವ ಡಿಟೆಕ್ಟರ್ ಡಯೋಡ್. ಬೀಮ್ ಅಗಲ 10 ಡಿಗ್ರಿ ಆಸುಪಾಸು ಬಂತು. ಫೀಡನ್ನು ಅಂಚಿನುದ್ದಕ್ಕೂ ಸರಿಸಿದರೆ ಬೀಮ್ ಅಷ್ಟೇ ತಿರುಗುತ್ತದೆ, ಆಕಾರ ಕೆಡುವುದಿಲ್ಲ. ಖುಷಿ ಆಯ್ತು.

ಇನ್ನು ಫೀಡ್‌ಗಳ ಸಾಲು. 10 ಡಿಗ್ರಿಗೊಂದು ಅಂದರೆ ಅಂಚಿನಲ್ಲಿ 17 ಮಿ.ಮೀ. ಚಿಲ್ಲರೆ ಅಂತರ. ಎರಡು ಬೀಮ್‌ಗಳ ಮಧ್ಯದ ದಿಕ್ಕಿನಲ್ಲಿ ಪವರ್ ಅರ್ಧಕ್ಕೆ ಇಳಿಯುತ್ತದೆ. ಇನ್ನೂ ಹತ್ತಿರ ತಂದರೆ ಪಕ್ಕದ ಫೀಡೇ ಸಿಗ್ನಲ್ ಕದಿಯುವುದು ಜಾಸ್ತಿ. ಸದ್ಯಕ್ಕೆ 10 ಡಿಗ್ರಿಯೇ ಇರಲಿ. ಒಂದು ಫೀಡ್‌ನಿಂದ ಇನ್ನೊಂದಕ್ಕೆ ಬದಲಿಸುವ ಪಿನ್ ಡಯೋಡ್ ಸ್ವಿಚ್ ಬೋರ್ಡ್‌ನ ನಕ್ಷೆ ಬಿಡಿಸಲು ಕೂತಿದ್ದೇನೆ.