ನಾರ್‌ಸ್ಪಿ ಕನ್ನಡಕ್ಕೆ: ಐದನೇ ತಿಂಗಳು

'ನಾರ್‌ಸ್ಪಿ' ಕಾವ್ಯದ 14 ಅಧ್ಯಾಯಗಳಲ್ಲಿ ಮೊದಲನೆಯದರ ಕನ್ನಡ ಕರಡು ಈ ವಾರ ಮುಗಿಯಿತು. ಮೊದಲ ಮೂರು ತಿಂಗಳ ಕೆಲಸವನ್ನು ಪೂರ್ತಿ ಪಕ್ಕಕ್ಕಿಟ್ಟು ಮತ್ತೆ ಶುರು ಮಾಡಿದ್ದೆ. ಹಾಗೆ ಮಾಡಿದ್ದು ಒಳ್ಳೆಯದೇ ಆಯಿತು.

'ನಾರ್‌ಸ್ಪಿ' ಚುವಾಶ್ ಭಾಷೆಯ ಕಥನಕಾವ್ಯ. ಚುವಾಶ್ ಅಂದರೆ ರಷ್ಯಾದ ವೋಲ್ಗಾ ನದಿಯ ಸುತ್ತಮುತ್ತ ಇರುವ ಚುವಾಶ್ ಜನರ ಭಾಷೆ. ಬರೆದವನು ಕಾನ್‌ಸ್ಟಾಂಟಿನ್ ಇವಾನೊವ್. ಹುಟ್ಟಿದ್ದು 1890ರಲ್ಲಿ, ಈಗ ಬಷ್ಕೊರ್ತೊಸ್ತಾನ್‌ಗೆ ಸೇರಿದ ಸ್ಲಾಕ್‌ಬಾಶ್ ಹಳ್ಳಿಯಲ್ಲಿ. ಸಿಂಬಿರ್ಸ್ಕ್‌ನ ಚುವಾಶ್ ಶಾಲೆಯಿಂದ 1907ರಲ್ಲಿ ಅವನನ್ನು ಹೊರಗೆ ಹಾಕಿದರು. ಆ ಶಾಲೆ ಕಟ್ಟಿದ, ಚುವಾಶರಿಗೆ ಹೊಸ ಅಕ್ಷರಮಾಲೆ ಮಾಡಿಕೊಟ್ಟ ಇವಾನ್ ಯಾಕೊವ್ಲೆವ್ ಅವರೇ ಮತ್ತೆ ಕರೆದು ಅನುವಾದದ ಕೆಲಸ ಕೊಟ್ಟರು. 1908ರಲ್ಲಿ ಕಾವ್ಯ ಅಚ್ಚಾಯಿತು. ಆಗ ಅವನಿಗೆ ಇನ್ನೂ ಹದಿನೆಂಟು! ಕ್ಷಯದಿಂದ 1915ರಲ್ಲಿ ತೀರಿಕೊಂಡಾಗ 24. ಅಷ್ಟರಲ್ಲೇ 'ಸೈತಾನನ ಗುಲಾಮ' ಅಂತ ಒಂದು ದುರಂತ ನಾಟಕಕ್ಕೂ ಕೈ ಹಾಕಿದ್ದ. ಚುವಾಶರ ರಾಜಧಾನಿ ಚೆಬೊಕ್ಸರಿಯ ಚುವಾಶ್ ನಾಟಕ ಮಂದಿರಕ್ಕೆ ಇವತ್ತು ಅವನದೇ ಹೆಸರು.

ಮೊದಲು ನಾನು ರಷ್ಯನ್ ಅನುವಾದ ಇಟ್ಟುಕೊಂಡು ಕೂತಿದ್ದೆ. ಸಾಲುಗಳು ಕಟ್ಟಿಗೆಯ ಹಾಗೆ ಒಣಗಿ ಬರುತ್ತಿದ್ದವು. ಆಮೇಲೆ ನಿಘಂಟು, ವ್ಯಾಕರಣ ಹಿಡಿದು ಮೂಲಕ್ಕೇ ಹೋದೆ. ದಿನಕ್ಕೆ ನಾಲ್ಕು ಸಾಲು, ಅಷ್ಟೇ. ಎಷ್ಟೋ ಕಡೆ ಪದಗಳ ಸಾಲು ಕನ್ನಡದ್ದೇ! ಕ್ರಿಯಾಪದ ಕೊನೆಗೆ, ವಿಭಕ್ತಿ ಪದದ ಬಾಲಕ್ಕೆ. 'ವೆಶೆನ್ಚೆ' ಅಂದರೆ 'ಕೊನೆಯಲ್ಲಿ', ಒಂದೇ ಪದ. 'ಉಯಹ್' ಅಂದರೆ ಚಂದ್ರನೂ ಹೌದು, ತಿಂಗಳೂ ಹೌದು. ನಮ್ಮ 'ತಿಂಗಳು' ಕೂಡ ಹಾಗೇ ಅಲ್ವಾ? ಅದನ್ನು ಕಂಡ ರಾತ್ರಿ ತುಂಬಾ ಹೊತ್ತು ನಿದ್ದೆ ಬರಲಿಲ್ಲ.

ಕಾವ್ಯ ಶುರುವಾಗುವುದು ಸಿಲ್ಪಿ ಹಳ್ಳಿಯಲ್ಲಿ ಹಿಮ ಕರಗುವ ಹೊತ್ತಿಗೆ. ನಾನು ಮೊದಲು 'ಬಿಸಿಲು ಬಿತ್ತು' ಎಂದು ಬರೆದಿದ್ದೆ. ಮೂಲದಲ್ಲಿ ಸೂರ್ಯ ಬೆಚ್ಚಗೆ 'ನೋಡುತ್ತಾನೆ'. ಈ ಕಥೆಗೆ ಅದು ಬೇಕೇ ಬೇಕು. ಬಡ ಸೆತ್ನೆರ್‌ನನ್ನು ಪ್ರೀತಿಸಿದ ನಾರ್‌ಸ್ಪಿಯನ್ನು ಅಪ್ಪ ಮಿಹೆದೆರ್ ವಯಸ್ಸಾದ ಸಾಹುಕಾರ ತಹ್ತಮನ್‌ಗೆ ಕೊಡುತ್ತಾನೆ. ಅವಳು ಗಂಡನಿಗೆ ವಿಷ ಹಾಕುತ್ತಾಳೆ. ಕೊನೆಗೆ ಸೆತ್ನೆರ್ ಕಳ್ಳರ ಕೈಯಲ್ಲಿ ಸಾಯುತ್ತಾನೆ, ಅವಳು ನೇಣು ಹಾಕಿಕೊಳ್ಳುತ್ತಾಳೆ. ಇಷ್ಟೆಲ್ಲ ಆಗುವ ಊರನ್ನು ಸೂರ್ಯ ಮೊದಲ ಸಾಲುಗಳಲ್ಲೇ ನೋಡಿಬಿಟ್ಟಿರುತ್ತಾನೆ. ಸುಮ್ನೆ ಬಿಸಿಲು ಬಿದ್ದರೆ ಆ ಕಣ್ಣು ಹೋಗಿಬಿಡುತ್ತದೆ.

ತೊಡಕು ಉಚ್ಚಾರದ ಅಳತೆಯಲ್ಲಿದೆ. ಮೂಲದಲ್ಲಿ ಸಾಲಿಗೆ ಏಳು ಉಚ್ಚಾರಾಂಶ (ಸಿಲೆಬಲ್). ಕನ್ನಡದ ಪದಗಳು ಉದ್ದ, ಹಿಡಿಸುವುದಿಲ್ಲ. ಈಗ ಎಂಟಕ್ಕೆ ಒಪ್ಪಿಕೊಂಡಿದ್ದೇನೆ:

ಮಾರ್ಚ್ ತಿಂಗಳ ಕೊನೆಯಲ್ಲಿ
ಸೂರ್ಯ ನೋಡಿದ ಬೆಚ್ಚಗೆ

ಗಟ್ಟಿಯಾಗಿ ಓದಿದಾಗ ಹಾಡಿನ ನಡೆ ಸಿಕ್ಕಿತು. ಒಂದೇ ಕೊರತೆ: ಚುವಾಶರ ಮಾರ್ಚ್ 'ಪುಶ್ ಉಯಹ್', ಖಾಲಿ ತಿಂಗಳು. 'ಖಾಲಿ ತಿಂಗಳ ಕೊನೆಗೆ' ಅಂದರೂ ಎಂಟೇ ಆಗುತ್ತದೆ. ಎರಡನ್ನೂ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದೇನೆ. ಇನ್ನೂ ಒಂದನ್ನೂ ಹೊಡೆದು ಹಾಕಿಲ್ಲ.